ಎಚ್ಚರದ ಪಾಳಿ

ನಮ್ಮ ಮಾವ ನಲವತ್ತು ವರ್ಷ ಲಾರಿ ಓಡಿಸಿದವರು. ಅಷ್ಟೂ ವರ್ಷ ಅವರಿಗಿದ್ದ ಒಬ್ಬನೇ ಶತ್ರು ನಿದ್ದೆ. ಹಸಿಮೆಣಸಿನಕಾಯಿ ಕಚ್ಚಿ, ಮುಖಕ್ಕೆ ನೀರು ಎರಚಿಕೊಂಡು ಅದನ್ನು ಓಡಿಸಿದರು. ಅತ್ತೆ ತೀರಿಕೊಂಡ ಮೇಲೆ ಅದು ತಾನಾಗಿಯೇ ಓಡಿಹೋಯಿತು. ಆಗ ನಿದ್ದೆ ಮಾತ್ರೆ ಶುರುವಾಯಿತು. ಮೊದಲು ಅರ್ಧ, ಆಮೇಲೆ ಒಂದು, ಆಮೇಲೆ ಯಾರಿಗೂ ಹೇಳದೆ ಎರಡು.

ಬೆಳಗ್ಗೆ ಗೋಡೆ ಹಿಡಿದುಕೊಂಡು ಬರುತ್ತಿದ್ದರು. ಲೋಟ ಕೈಯಲ್ಲಿರುವಾಗಲೇ ತೂಕಡಿಕೆ. ಒಂದು ದಿನ ಬಚ್ಚಲಲ್ಲಿ ಬಿದ್ದು ತಲೆಗೆ ಹೊಲಿಗೆ ಹಾಕಿಸಬೇಕಾಯಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಬಿದ್ರೆ ಏಳೋದು ಕಷ್ಟ. ಮಾತ್ರೆ ಒಂದೇ ಸಲ ನಿಲ್ಲಿಸ್ಬೇಡಿ, ನಿಧಾನಕ್ಕೆ ಇಳಿಸಿ" ಎಂದರು. ಡಬ್ಬಿ ನನ್ನ ಬೀರುವಿಗೆ ಹೋಯಿತು, ಮಾವನ ಕೋಪ ಮೂಗಿನ ತುದಿಗೆ ಬಂತು. ನನ್ನ ಗಂಡ "ಪಾಪ, ಕೊಟ್ಬಿಡೇ" ಅನ್ನುತ್ತಿದ್ದರು. ಬಚ್ಚಲಿನ ರಕ್ತ ತೊಳೆದವಳು ನಾನು, ಪಾಪ ಅನ್ನುವವರು ಅವರು.

ಆ ಹೊತ್ತಿಗೆ ಸುದ್ದಿ ಕೇಳಿ ಬಂದವರು ರೇಡಿಯೋ. ಮಾವನ ಲಾರಿಯಲ್ಲಿ ಕ್ಲೀನರ್ ಆಗಿದ್ದವರು. ಬಾಯಿ ಮುಚ್ಚುವ ಅಭ್ಯಾಸವಿಲ್ಲದ್ದರಿಂದ ಆ ಹೆಸರು. ಈಗ ಅವರಿಗೂ ವಯಸ್ಸಾಗಿದೆ, ಹಿಂದಿನ ಬೀದಿಯ ಪಂಕ್ಚರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬರೇ ಇದ್ದಾರೆ.

"ಅಣ್ಣಾ, ನೀನು ಮಲಗಿದಾಗ ಮನೇಲಿ ಎಚ್ಚರ ಇರೋದ್ಯಾರು?" ಎಂದು ಕೇಳಿದರು.

"ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ ಅಂತಾರಲ್ಲಮ್ಮ, ಡ್ರೈವರ್‌ಗೆ ಅದು ನಡೆಯಲ್ಲ," ಎಂದು ನನಗೆ ಹೇಳಿದರು. "ಲೋಡ್ ಲಾರಿ ನಿಲ್ಲಿಸಿದ್ರೆ ಇಬ್ರೂ ಒಟ್ಟಿಗೆ ಕಣ್ಮುಚ್ಚೋ ಹಾಗಿಲ್ಲ. ಒಬ್ಬ ಮಲಗಿದ್ರೆ ಇನ್ನೊಬ್ಬ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂರ್ಬೇಕು. ಇಲ್ದಿದ್ರೆ ಕಳ್ಳರು ಡೀಸೆಲ್ ಟ್ಯಾಂಕೇ ಖಾಲಿ ಮಾಡ್ತಾರೆ."

ಮನೆಯಲ್ಲಿ ಆ ಪಾಳಿ ಅತ್ತೆಯದಾಗಿತ್ತು. ಮಾವ ಮಲಗಿದ ಮೇಲೂ ಅವರು ಹೊಲಿಗೆ ಮೆಷಿನ್ ತುಳಿಯುತ್ತಿದ್ದುದು ನನಗೆ ನೆನಪಿದೆ. ನಾವೋ, ಊಟವಾದ ತಕ್ಷಣ ಬಾಗಿಲು ಹಾಕಿ ಗೊರಕೆ.

ಅಂದಿನಿಂದ ರೇಡಿಯೋ ದಿನಾ ರಾತ್ರಿ ಊಟ ಮುಗಿಸಿ ಬಂದು ಮಂಚದ ಪಕ್ಕ ಕೂರತೊಡಗಿದರು. ಹಿಂದೆ ಮಾವನನ್ನು ಎಚ್ಚರವಾಗಿಡಲು ಹೇಳುತ್ತಿದ್ದ ಕಥೆಗಳನ್ನೇ ಹೇಳುತ್ತಿದ್ದರು. ಮಾವ ಅರ್ಧ ಕಥೆಗೇ ಮಲಗಿಬಿಡುತ್ತಿದ್ದರು. ಡಾಕ್ಟರು ಹೇಳಿದಂತೆ ಇಳಿಸುತ್ತಾ, ಕೆಲವು ತಿಂಗಳಲ್ಲಿ ಮಾತ್ರೆ ಅರ್ಧಕ್ಕೆ ಬಂತು. ಆ ಅರ್ಧವನ್ನು ಮಾತ್ರ ಮಾವ ಬಿಡಲೊಲ್ಲರು. ಗೋಡೆ ಹಿಡಿಯುವುದೂ ಪೂರ್ತಿ ನಿಂತಿರಲಿಲ್ಲ. ಬಚ್ಚಲಲ್ಲಿ ಚೊಂಬು ಉರುಳಿದರೆ ಸಾಕು, ನನಗೆ ಜೀವ ಬಾಯಿಗೆ ಬರುತ್ತಿತ್ತು.

ಒಂದು ದಿನ ಅರ್ಧ ಮಾತ್ರೆ, ನೀರು ತೆಗೆದುಕೊಂಡು ಹೋದರೆ ರೇಡಿಯೋ ಬಂದ್ ಆಗಿತ್ತು. ಎರಡು ದಿನದಿಂದ ಮೈ ಬಿಸಿ ಎನ್ನುತ್ತಿದ್ದವರು ಕುರ್ಚಿಯಲ್ಲೇ ಬಾಯಿ ತೆರೆದು ನಿದ್ದೆ ಹೋಗಿದ್ದರು. ಮಾವ ತಮ್ಮ ಹೊದಿಕೆಯನ್ನು ಅವರಿಗೆ ಹೊದಿಸಿ, ಮಂಚದ ಅಂಚಿನಲ್ಲಿ ನೆಟ್ಟಗೆ ಕೂತಿದ್ದರು. ನಾನು ಮಾತ್ರೆ ಚಾಚಿದೆ.

"ಬೇಡಮ್ಮ," ಎಂದು ಪಿಸುಗುಟ್ಟಿದರು. "ಇವತ್ತು ನನ್ನ ಪಾಳಿ."

ಆ ಅರ್ಧ ಮಾತ್ರೆ ಈಗಲೂ ಡಬ್ಬಿಯಲ್ಲೇ ಇದೆ.