ತುದಿ ಸುಟ್ಟ ವೀಳ್ಯದೆಲೆ

ಅತಿಯಾಗಿ ಗೊಬ್ಬರ ತಿಂದ ಎಲೆತೋಟದ ವಾಸನೆ ಹೇಸಿಗೆಯದು. ಕೊಳೆತ ಬಳ್ಳಿ, ನಿಂತ ನೀರು, ಅದರ ಮೇಲೆ ಉಚ್ಚೆಯಂಥ ಘಾಟು. ಅಷ್ಟು ಘಾಟು ನಿಜಕ್ಕೂ ಇತ್ತೋ, ಓದಿದ್ದನ್ನು ಮೂಗು ಆಮೇಲೆ ಸೇರಿಸಿಕೊಂಡಿತೋ ತಿಳಿಯದು. ಮೂಗು ಮುಚ್ಚಿಕೊಂಡು ಓಡಾಡಿದ್ದು ಮಾತ್ರ ಸುಳ್ಳಲ್ಲ.

ಎಪ್ಪತ್ತರ ದಶಕದ ಕೊನೆ. ಹಾಗಲವಾಡಿ ಹತ್ತಿರ ದೊಡ್ಡಪ್ಪನದೊಂದು ವೀಳ್ಯದೆಲೆ ತೋಟ. ಮಗಳ ಮದುವೆಗೆ ತಾಂಬೂಲದ ಎಲೆಯೆಲ್ಲ ತನ್ನ ತೋಟದ್ದೇ ಎಂದು ಕೊತ್ತಗೆರೆಯ ಬೀಗರೆದುರು ಕೊಚ್ಚಿಕೊಂಡು ಬಂದಿದ್ದ. ಹಿಂಡಿ, ಹೊಂಗೆಸೊಪ್ಪು ಸಾಲದೆಂದು ಯೂರಿಯಾ ತಂದ. ಎಲೆ ಅಂಗೈಯಗಲ ಬೆಳೆದು ಕಪ್ಪಗೆ ಮಿನುಗಿತು. ಬೇಡವೆಂದರೂ ನೆಂಟರ ಎಲೆಗೆ ಇನ್ನೊಂದು ಹೋಳಿಗೆ ಹಾಕುವ ಮನುಷ್ಯ. ಬುಡಬುಡಕ್ಕೂ ಮತ್ತೆ ಬೊಗಸೆ ಬೊಗಸೆ ಸುರಿದ.

ಕೃಷಿ ಪದವಿ ಮುಗಿಸಿ ತುಮಕೂರಿನಲ್ಲಿ ಕೆಲಸಕ್ಕೆ ಅಲೆಯುತ್ತಿದ್ದ ನಾನು ದೊಡ್ಡಪ್ಪನಿಗೆ ಹೇಳಿದೆ: ಬೇರು ಹೀರುವುದು ನೀರಿನಲ್ಲಿ ಕರಗಿದ್ದನ್ನು, ಬುಡದಲ್ಲಿ ಗೊಬ್ಬರದ ಉಪ್ಪು ಹೆಚ್ಚಾದರೆ ಬೇರಿನೊಳಗಿನ ನೀರೇ ಹೊರಕ್ಕೆ ಹರಿಯುತ್ತದೆ, ಬಳ್ಳಿ ನೀರಿನಲ್ಲಿ ನಿಂತೇ ಒಣಗುತ್ತದೆ.

"ಏನ್ಲಾ, ಬೆಂಗಳೂರಲ್ಲಿ ಓದಿ ಬಂದು ಬಳ್ಳಿ ಹೊಟ್ಟೆ ಅಳೀತೀಯಾ? ತಿನ್ಲಿ ಬುಡು, ಮದ್ವೆ ಮನೆ ಕಣೋ!"

ಇಷ್ಟು ಸ್ಪಷ್ಟವಾಗಿ ನಾನು ಹೇಳಿದ್ದೆನೇ ಎಂಬ ಅನುಮಾನ ಈಗಲೂ ಇದೆ. ಅವನ ಉತ್ತರದ ಬಗ್ಗೆ ಇಲ್ಲ.

ಮದುವೆ ಹತ್ತಿರವಾಗುವಷ್ಟರಲ್ಲಿ ಎಲೆಗಳ ತುದಿ ಕಂದಿ ಸುಟ್ಟುಹೋಯಿತು. ಕೆಲವು ಬಳ್ಳಿ ಕಿತ್ತು ನೋಡಿದೆ. ಬೇರು ಕಂದು ಲೋಳೆಯಾಗಿ ಬೆರಳಿಗೆ ಅಂಟಿತು. ತುದಿಯಿಲ್ಲದ ಎಲೆಯನ್ನು ತಾಂಬೂಲಕ್ಕೆ ಕೊಡುವಂತಿಲ್ಲ. ಆದರೆ ಮಾತು ಹೋಗಬಾರದಲ್ಲ! ದೊಡ್ಡಪ್ಪ ದೊಡ್ಡಮ್ಮನನ್ನು ಕೂರಿಸಿ, ಸುಟ್ಟ ಅಂಚನ್ನೆಲ್ಲ ಕತ್ತರಿಯಿಂದ ಕತ್ತರಿಸಿ, ಹೊಸ ತುದಿ ತಿದ್ದಿಸಿದ. ಕತ್ತರಿಸಿದ ಕಡೆ ಎಲೆ ಹಸಿಗಾಯದ ಹಾಗೆ ಕಪ್ಪಿಟ್ಟಿತು.

ಗುಬ್ಬಿಯ ಛತ್ರದಲ್ಲಿ ಬೀಗರು ಒಂದೆಲೆ ಎತ್ತಿ ಬೆಳಕಿಗೆ ಹಿಡಿದರು.

"ಏನ್ ಬೀಗ್ರೇ, ನಿಮ್ಮೂರಲ್ಲಿ ಎಲೆಗೂ ಕ್ಷೌರ ಮಾಡಿಸ್ತೀರಾ?"

ಗಂಡಿನ ಕಡೆಯವರು ಕೇಕೆ ಹಾಕಿ ನಕ್ಕರು.

"ನಮ್ ತೋಟದ್ದೇ. ವಸಿ ಬಿಸ್ಲು ಜಾಸ್ತಿ ಆಯ್ತು," ಎಂದ ದೊಡ್ಡಪ್ಪ. ಮಾತು ಉಳಿಸಲು ಒಂದೆಲೆ ಬಾಯಿಗೆ ತುರುಕಿಕೊಂಡು ಜಗಿದ. ಹಸಿರು ಜೊಲ್ಲು ಗಲ್ಲಕ್ಕಿಳಿಯಿತು. ನನಗೆ ನೋಡಲಾಗಲಿಲ್ಲ.

ಬೀಗರು ಪೇಟೆಗೆ ಆಳು ಕಳಿಸಿ ಒಂದು ಕಟ್ಟು ಎಲೆ ತರಿಸಿದರು. ಮದುಮಗಳಾದ ಅಕ್ಕನ ಮಡಿಲಕ್ಕಿಗೂ ಆ ಕಟ್ಟಿನ ಎಲೆಯನ್ನೇ ಇಟ್ಟರು. ದೊಡ್ಡಪ್ಪ ಜಗಿದದ್ದನ್ನು ಉಗುಳಲೂ ಆಗದೆ, ನುಂಗಲೂ ಆಗದೆ, ಮಗಳಿಗೆ ಹೋಗಿ ಬಾ ಎನ್ನಲು ಬಾಯಿ ತೆರೆಯಲೇ ಇಲ್ಲ.