ಬೂಷ್ಟು ಹಿಡಿದ ಒರಿಜಿನಲ್

ಮುಂಬಯಿಯ ಮಲಾಡ್‌ನ ನಮ್ಮ ಆಫೀಸಿನಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್, ಅದನ್ನು ನಡೆಸುವವನು ನಾನು. ಅದಕ್ಕೊಂದು ಎ.ಸಿ. ರೂಮು, ದೇವರಮನೆಯ ಹಾಗೆ ಚಪ್ಪಲಿ ಹೊರಗೇ. ಒಂದು ಮಳೆಗಾಲ, ಪತ್ರ ಬರೆಯುವ ಪ್ರೋಗ್ರಾಮ್ ಮಾರಲು ಅದನ್ನು ತಯಾರಿಸುವ ಕಂಪನಿಯ ಸಾಹೇಬರೊಬ್ಬರು ಬಂದರು, ಉಡುಪಿ ಕಡೆಯವರು. ಬೂಟು ಬಿಚ್ಚಿಟ್ಟು, ತೂತು ಬಿದ್ದ ಸಾಕ್ಸಿನಲ್ಲಿ ನಿಂತು, ನಮ್ಮ ಮ್ಯಾನೇಜರ ಎದುರೇ ನನಗೆ ಉಪದೇಶ ಶುರುಮಾಡಿದರು.

“ಫ್ಲಾಪಿ ಕಾಪಿ ಮಾಡುವುದೆಂದ್ರೆ ಕಳ್ಳತನ ಮಾರಾಯ್ರೇ. ಕೆಲಸವೇ ಹೋದೀತು!”

ಅದೇ ಪ್ರೋಗ್ರಾಮಿನ ಕದ್ದ ಕಾಪಿ ಮ್ಯಾನೇಜರಿಗೂ ಗೊತ್ತಿಲ್ಲದೆ ನನ್ನ ಡ್ರಾಯರಿನಲ್ಲಿತ್ತು. ಎ.ಸಿ.ಯಲ್ಲೂ ಬೆವರಿದೆ.

ಸಾಹೇಬರು ತಮ್ಮ ಒರಿಜಿನಲ್ ಫ್ಲಾಪಿ ಹಾಕಿದರು. ಯಂತ್ರ ಗರಗರ ಅಂದು ಸುಮ್ಮನಾಯಿತು. ತೆಗೆದು ನೋಡಿದರೆ ಮುಂಬಯಿ ಮಳೆಗೆ ಫ್ಲಾಪಿಗೆ ಬೂಷ್ಟು ಹಿಡಿದಿತ್ತು. ಮ್ಯಾನೇಜರು ವಾಚು ನೋಡಿಕೊಂಡು ಚಹಾ ಹೇಳಲು ಹೊರಗೆ ಹೋದರು. ಸಾಹೇಬರು ನನ್ನ ಕಿವಿಯ ಹತ್ತಿರ ಬಗ್ಗಿದರು.

“ನಿಮ್ಮತ್ರ ಕಾಪಿ ಉಂಟಾ?”

ಕೊಟ್ಟೆ. ಮ್ಯಾನೇಜರು ವಾಪಸು ಬಂದಾಗ ಸಲೀಸಾಗಿ ಓಡಿತು. ಆರ್ಡರೂ ಸಿಕ್ಕಿತು.

ಹೋಗುವಾಗ ಬೂಟಿನ ಲೇಸು ಕಟ್ಟುತ್ತಾ, “ಅದು ನಿಮಗೆ ಎಲ್ಲಿ ಸಿಕ್ಕಿತು?” ಎಂದು ಗದರಿದರು.

“ವಿಲೆ ಪಾರ್ಲೆಯಲ್ಲಿ, ನಿಮ್ಮ ಆಫೀಸಿನಲ್ಲೇ ಸಾರ್. ನಿಮ್ಮ ಇಂಜಿನಿಯರೇ ಮಾಡಿಕೊಟ್ಟರು.”

ಅವರ ಕೈ ಲೇಸಿನ ಮೇಲೆಯೇ ನಿಂತಿತು.

“ಹಾಗಾದ್ರೆ ವೈರಸ್ ಇರ್ಲಿಕ್ಕಿಲ್ಲ,” ಅಂದರು. “ನನಗೂ ಒಂದು ಮಾಡಿಕೊಡಿ.”