ಅಕ್ಕನ ಮನೆಯ ಚೌಕಟ್ಟು

ಕಲ್ಲೇಶನ ಹೆಸರಿನಲ್ಲೇ ಕಲ್ಲಿದೆ. ಕಸುಬು ಮಾತ್ರ ದಾರಿಗೆ ಅಡ್ಡಬಿದ್ದ ಕಲ್ಲು ಸರಿಸುವುದು. ಹುನಗುಂದದ ಈ ಗೃಹಸ್ಥ ಇಟ್ಟಿಗೆ ಇಡುವವನಲ್ಲ, ನಕ್ಷೆ ಬರೆಯುವವನೂ ಅಲ್ಲ. ಬಾಗಲಕೋಟೆಯಿಂದ ಇಳಕಲ್ಲಿನವರೆಗೆ ಎಲ್ಲಿ ಕಟ್ಟಡದ ಕೆಲಸ ನಿಂತರೂ ಗುತ್ತಿಗೆದಾರರು ಇವನಿಗೆ ಫೋನ್ ಹಚ್ಚುತ್ತಾರೆ. ಎಂಜಿನಿಯರುಗಳ ‘ಬಾಟಲ್‌ನೆಕ್’ ಗೌಂಡಿಗಳ ಬಾಯಲ್ಲಿ ‘ಬಾಟ್ಲಿ ಕುತ್ತಿಗಿ’ ಆಗಿರುವುದರಿಂದ, ಇವನು ಬೈಕಿನಿಂದ ಇಳಿದರೆ ಸಾಕು, “ಕುತ್ತಿಗಿ ಹಿಡಿಯಾಂವ ಬಂದ” ಎಂಬ ಗುಸುಗುಸು ಏಳುತ್ತದೆ.

ಅವನ ವಿದ್ಯೆಯೆಲ್ಲ ಒಂದೇ ಪ್ರಶ್ನೆ. ಯಾಕೆ ತಡ ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ. “ಎದಕ್ಕ ಕಾಯಾಕತ್ತೀರಿ?” ಎನ್ನುತ್ತಾನೆ. ಬಾದಾಮಿಯ ಲಾಡ್ಜೊಂದರಲ್ಲಿ ಬಣ್ಣದವರು ಕರೆಂಟಿನವನಿಗೆ ಕಾಯುತ್ತಿದ್ದರು, ಕರೆಂಟಿನವನು ಗೋಡೆಗೆ ಗಿಲಾವು ಮಾಡುವವರಿಗೆ, ಅವರು ಸಿಮೆಂಟಿಗೆ. ಸಿಮೆಂಟು ಪಕ್ಕದ ಕೋಣೆಯಲ್ಲೇ ಇತ್ತು. ಕೋಣೆಯ ಕೀಲಿ ಮಾತ್ರ ಮಾಲೀಕರ ಅಳಿಯನ ಕಿಸೆಯಲ್ಲಿ ಕುಳಿತು ಶಿವಯೋಗ ಮಂದಿರಕ್ಕೆ ಹೋಗಿತ್ತು. ಕಲ್ಲೇಶ ಹೋಗಿ ತಂದ. ಆ ಕಥೆಯನ್ನು ಅವನು ಹೇಳದ ಚಹಾದಂಗಡಿ ಈ ಜಿಲ್ಲೆಯಲ್ಲಿಲ್ಲ.

ಇಂಥವನಿಗೆ ಒಂದು ಸೋಮವಾರ ಇಳಕಲ್ಲಿನ ಸಿಮೆಂಟ್ ಅಂಗಡಿಯವನು ನಗುತ್ತ ಹೇಳಿದ: “ಊರ ಮಂದಿ ಕೆಲಸೆಲ್ಲಾ ಓಡಸ್ತೀರಿ ಸಾಹೇಬ್ರ. ನಿಮ್ಮಕ್ಕನ ಮನಿ ನಿಂತ ಹೋಗೇತಿ, ನೋಡೀರೇನು?”

ಅಕ್ಕ ರೋಹಿಣಿ ಅದೇ ಊರಲ್ಲಿ ಮನೆ ಕಟ್ಟಿಸುತ್ತಿದ್ದಳು. ಅಪ್ಪ ಅವ್ವ ತೀರಿದ ಮೇಲೆ ಅವಳಿಗೆ ತವರೆಂದರೆ ಈ ತಮ್ಮನೊಬ್ಬನೇ. ಮೇಲಿಂದ ಮೇಲೆ ಫೋನ್ ಮಾಡಿ “ಒಮ್ಮಿ ಬಂದ್ ಹೋಗೋ ತಮ್ಮಾ” ಎಂದಿದ್ದಳು. “ಏನರ ಸಿಕ್ಕೊಂಡೇತೇನ?” ಎಂದು ಇವನು ಕೇಳಿದರೆ, “ಏನಿಲ್ಲಪಾ, ಸುಮ್ನ ಬಾ” ಎನ್ನುವಳು. ಸುಮ್ಮನೆ ಬರಲು ಇವನಿಗೆಲ್ಲಿ ಪುರುಸೊತ್ತು? “ನಾಳೆ ಬರ್ತೇನಿ” ಎಂದು ಫೋನ್ ಇಡುತ್ತಿದ್ದ.

ಅಕ್ಕನ ಕರೆಗೆ ಹೋಗದವನು ಅಂಗಡಿಯವನ ನಗೆಗೆ ಹೋದ.

ಗೋಡೆಗಳು ಸೊಂಟದೆತ್ತರಕ್ಕೆ ಬಂದು ನಿಂತಿದ್ದವು. ನಡುವೆ ಮುಂಬಾಗಿಲಿನ ಜಾಗ ಬಾಯಿ ತೆರೆದುಕೊಂಡಿತ್ತು. ಸಾಗವಾನಿ ಚೌಕಟ್ಟು ಗೋಣಿಚೀಲ ಹೊದ್ದು ಗೋಡೆಗೆ ಒರಗಿತ್ತು. ಗೌಂಡಿ ಗುರಪ್ಪ ಬೇವಿನ ನೆರಳಲ್ಲಿ ತಂಬಾಕು ತಿಕ್ಕುತ್ತಿದ್ದ.

“ಎದಕ್ಕ ಕಾಯಾಕತ್ತಿ?” ಎಂದ ಕಲ್ಲೇಶ, ಬೈಕಿನಿಂದ ಇಳಿಯುವ ಮೊದಲೇ.

“ಚೌಕಟ್ಟ ನಿಲ್ಲಬೇಕ್ರಿ. ಅದು ನಿಲ್ಲದ ಗ್ವಾಡಿ ಏಳೂದಿಲ್ಲ.”

“ಚೌಕಟ್ಟ ಇಲ್ಲೇ ಐತೆಲ್ಲಾ. ನಿಲ್ಲಸಾಕ ಏನ್ ಧಾಡಿ ನಿನಗ?”

ಗುರಪ್ಪ, ರೋಹಿಣಿಯ ಜೊತೆ ಅತ್ತ ನಿಂತಿದ್ದ ಅವಳ ಅತ್ತೆ ಚಂದವ್ವನ ಕಡೆ ನೋಡಿದ.

“ಅವ್ರ ಕಡೆ ಏನ್ ನೋಡ್ತಿ, ಅವ್ರೇನ್ ಗೌಂಡಿಯೇನ? ನೆರಳ ಕಂಡ್ರ ಸಾಕು, ಕುಂಡಿ ಊರ್ತೀರಿ. ನಿಮ್ಮಿಂದ ಪ್ಯಾಟ್ಯಾಗ ನನ್ನ ಮಾನ ಹೋತು.”

ಗುರಪ್ಪ ತಂಬಾಕನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ನಿಂತ. ಚಂದವ್ವ ನಿಧಾನಕ್ಕೆ ಬಾಯಿ ತೆರೆದಳು.

“ಅವಗ್ಯಾಕ ಬೈತೀಯಪಾ. ತವರಮನಿಯವ್ರು ಆಯೇರಿ ತರೂತನಕಾ ಮುಂಬಾಗಲಾ ಎತ್ತೂ ಪದ್ಧತಿ ನಮ್ಮಲ್ಲಿಲ್ಲ. ಸೊಸಿಗೆ ಕೇಳಿದ್ರ ‘ನಾಳೆ ಬರ್ತಾನ’ ಅಂತಾಳ. ಯಾರಿಗೆ ಕಾಯಾಕತ್ತೇವಿ, ನೀನಽ ಹೇಳು.”

ಕಲ್ಲೇಶನಿಗೆ ಗೊತ್ತಿಲ್ಲದ ಪದ್ಧತಿಯಲ್ಲ. ಹುನಗುಂದದಲ್ಲಿ ಅವನ ಮನೆಯ ಚೌಕಟ್ಟು ಏಳುವಾಗ ಹೆಂಡತಿಯ ಅಣ್ಣಂದಿರು ಸೀರೆ, ಕುಬಸದ ಖಣ, ಧೋತರದ ಆಯೇರಿ ಹೊತ್ತು ಬಂದಿದ್ದರು. ಅರ್ಧ ತಾಸು ತಡವಾಗಿದ್ದಕ್ಕೆ ಇವನೇ ಮುಖ ಊದಿಸಿಕೊಂಡಿದ್ದ. ಹೆಣ್ಣುಮಗಳು ತಾನಾಗಿ ಬಾಯಿಬಿಟ್ಟು ಕೇಳಿದರೆ ಅದು ಆಯೇರಿಯಲ್ಲ, ಭಿಕ್ಷೆ. ಅದಕ್ಕೇ ಅಕ್ಕ ‘ಸುಮ್ನ ಬಾ’ ಎಂದಿದ್ದಳು. ಈಗ ಬಂದಿದ್ದಾನೆ, ಕೈಯಲ್ಲಿರುವುದು ಅಳತೆಯ ಟೇಪು.

“ಬಿಸಲಾಗ ಬಂದಾನ, ನೀರರ ಕುಡೀಲಿ ಬಿಡ್ರಿ ಅತ್ತಿ” ಎಂದು ರೋಹಿಣಿ ಅವನನ್ನು ಹಿಂದಿನ ತಗಡಿನ ಶೆಡ್ಡಿಗೆ ಕರೆದೊಯ್ದಳು.

“ಪ್ಯಾಟಿಗೆ ಹೋಗಿ ಬರ್ತೇನಿ ಅಕ್ಕ, ಈಗಽ ತರ್ತೇನಿ” ಎಂದ, ಅವಳ ಮುಖ ನೋಡದೆ.

“ಈಗ ಹೋದ್ರ ಬರಿಗೈಲೇ ಬಂದಿದ್ದೀ ಅಂತ ಎಲ್ಲಾರಿಗೂ ತಿಳೀತೈತಿ.”

ಅವಳು ಟ್ರಂಕ್ ತೆಗೆದು ಒಂದು ಚೀಲವನ್ನು ಅವನ ಕೈಗಿಟ್ಟಳು. ಒಳಗೆ ಟೋಪತೆನಿ ಸೆರಗಿನ ಇಳಕಲ್ ಸೀರೆ, ಖಣ, ಭಾವನಿಗೊಂದು ಧೋತರ.

“ಇದನ್ನ ನೀ ತಂದೀ. ಗಾಡಿ ಡಿಕ್ಕ್ಯಾಗಿತ್ತು.”

“ಯಾವಾಗ ತಂದಿ ಅಕ್ಕ?”

“ನೀ ಮೊದಲ್ನೇ ಸಲ ‘ನಾಳೆ’ ಅಂದ್ಯಲಾ, ಅವತ್ತ.”

ಅವನು ಚೀಲವನ್ನು ಮರೆಮಾಡಿಕೊಂಡು ಶೆಡ್ಡಿನ ಹಿಂದಿನಿಂದ ಬೈಕಿನ ಹತ್ತಿರ ಹೋಗಿ ಡಿಕ್ಕಿ ತೆಗೆದಂತೆ ಮಾಡಿ, ಮುಚ್ಚಿದಂತೆ ಮಾಡಿ, ಚೀಲ ಹಿಡಿದುಕೊಂಡು ಬಂದ. ನಾಟಕದಲ್ಲಿ ಗುರಪ್ಪನ ಕಣ್ಣು ತಪ್ಪಿಸುವುದು ಕಷ್ಟವಾಯಿತು. ಗುರಪ್ಪನೇ ಆ ಕಡೆ ತಿರುಗಿಕೊಂಡು ಉಪಕಾರ ಮಾಡಿದ. ಚೌಕಟ್ಟಿಗೆ ಅರಿಸಿನ ಕುಂಕುಮ ಏರಿತು, ನವಧಾನ್ಯದ ಗಂಟು ಕಟ್ಟಿದರು. ಅಕ್ಕನ ಸೀರೆಯನ್ನು ಅಕ್ಕನಿಗೇ ಕೊಟ್ಟ.

ಚಂದವ್ವ ಸೆರಗನ್ನು ಬೆರಳಲ್ಲಿ ಹಿಡಿದು ನೋಡಿದಳು. “ಚಲೋ ಆರಿಸೀಪಾ. ಅಕ್ಕಗ ಎಂಥಾ ಬಣ್ಣ ಸೇರ್ತೈತಿ ಅನ್ನೂದು ತಮ್ಮಗ ಖರೆ ಗೊತ್ತೈತಿ.”

ಕಲ್ಲೇಶ ಚೌಕಟ್ಟಿನ ಒಂದು ಕಾಲು ಹಿಡಿದು ಎತ್ತಿದ. ಗುರಪ್ಪ ತೂಕದ ಗುಂಡು ಇಳಿಬಿಟ್ಟು ನೋಡಿ, ಎರಡೂ ಕಡೆ ಆನಿಕೆ ಕೊಟ್ಟು, ಬುಡಕ್ಕೆ ಕಾಂಕ್ರೀಟು ತುಂಬಿದ. ಆಳುಗಳು ಇಟ್ಟಿಗೆ ಹೊರತೊಡಗಿದರು. ಬೆಲ್ಲ ಹಂಚಿದ್ದೂ ಆಯಿತು.

“ಬಿಡ್ರಿ ಸಾಹೇಬ್ರ, ಅದು ನಿಂತೈತಿ” ಎಂದ ಗುರಪ್ಪ, ಮೆಲ್ಲಗೆ.

ಕಲ್ಲೇಶ ಬಿಡಲಿಲ್ಲ. ಬಿಟ್ಟರೆ ಹಿಂದೆ ತಿರುಗಬೇಕಿತ್ತು. ಹಿಂದೆ ಅಕ್ಕ ಹೊಸ ಸೀರೆ ಉಟ್ಟು ನಿಂತಿದ್ದಳು.